ತಗ್ಗಿಲ್ಲದ ಗಾದಿ

ನನಗೆ ಮದುವೆಯಾದದ್ದು ವಯಸ್ಸು ಐವತ್ತರ ಹತ್ತಿರ ಬಂದಾಗ. ಹೀಗೆಂದರೆ ಕೇಳಿದವರು ಮೊದಲು ಅಯ್ಯೋ ಪಾಪ ಎಂಬ ಮುಖ ಮಾಡುತ್ತಾರೆ, ಆಮೇಲೆ ನನ್ನ ಮುಖ ನೋಡಿ ಅದನ್ನು ವಾಪಸು ತೆಗೆದುಕೊಳ್ಳುತ್ತಾರೆ. ಪಾಪ ಅನ್ನುವಂಥದ್ದು ಏನೂ ಇರಲಿಲ್ಲ. ಹುಟ್ಟಿದ್ದು ಹೊಳೆದಂಡೆಯ ಮಾಗಳದಲ್ಲಿ. ಹಡಗಲಿಯ ಶಾಲೆಯಲ್ಲಿ ಒಂದಷ್ಟು ವರ್ಷ ಗಣಿತ ಹೇಳಿದೆ, ಆಮೇಲೆ ಹಗರಿಬೊಮ್ಮನಹಳ್ಳಿಗೆ ವರ್ಗವಾಗಿ ಅಲ್ಲೊಂದು ಕೋಣೆ ಹಿಡಿದು ಸುಖವಾಗಿದ್ದೆ. ಊರಲ್ಲಿದ್ದಾಗ ಅವ್ವನ ಪಕ್ಕದಲ್ಲಿ, ಕೋಣೆಯಲ್ಲಿದ್ದಾಗ ಒಬ್ಬಳೇ, ಎಲ್ಲಿದ್ದರೂ ನೆಲದ ಮೇಲೆ ಕೌದಿ ಹಾಸಿ ಮಲಗುವುದೇ ನನ್ನ ರೂಢಿ. ಗಾದಿಯ ಮೇಲೆ ಮಲಗುವವರೆಲ್ಲ ಕಾಯಿಲೆಯವರು ಅಥವಾ ಶ್ರೀಮಂತರು ಎಂದು ತಿಳಿದುಕೊಂಡಿದ್ದೆ.

ನಮ್ಮ ಶಾಲೆಯ ಬೋರಿನ ಮೋಟಾರು ಸುಟ್ಟುಹೋದಾಗ ಅದನ್ನು ಕಟ್ಟಿಕೊಡಲು ಕೊಟ್ಟೂರಿನಿಂದ ಒಬ್ಬರು ಬಂದರು. ಮೋಟಾರು ರಿವೈಂಡಿಂಗ್ ಅವರ ಉದ್ಯೋಗ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಇದ್ದೊಬ್ಬ ಮಗಳನ್ನು ಹರಪನಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಅವತ್ತು ಶಾಲೆಯಲ್ಲಿ ಹೆಚ್ಚುವರಿ ಕ್ಲಾಸು ತೆಗೆದುಕೊಂಡು ಉಳಿದಿದ್ದವಳು ನಾನೊಬ್ಬಳೇ, ಹಾಗಾಗಿ ಚಹಾ ತರಿಸಿಕೊಟ್ಟೆ. ಆ ಮೋಟಾರು ಆಮೇಲೆ ಪದೇ ಪದೇ ಕೆಡತೊಡಗಿತು. ಬೇಕಂತಲೇ ಏನೋ ಸಡಿಲ ಬಿಟ್ಟು ಹೋಗಿದ್ದಿರಿ ಎಂದು ನಾನು ಈಗಲೂ ಅನ್ನುತ್ತೇನೆ. ಅವರು ಈಗಲೂ ಒಪ್ಪುವುದಿಲ್ಲ. "ವೋಲ್ಟೇಜ್ ಸರಿ ಇರಲಿಲ್ಲ ಟೀಚರ್," ಅನ್ನುತ್ತಾರೆ. ಮದುವೆಯಾದರೂ ಅವರ ಬಾಯಲ್ಲಿ ನಾನು ಟೀಚರೇ, ಮೊದಮೊದಲು ನೀವೂ ಆಗಿದ್ದೆ.

ಮದುವೆ ಸದ್ದಿಲ್ಲದೆ ಆಯಿತು. ಮುಂದಾಗಿ ನಿಂತು ಮಾಡಿಸಿದವಳು ಅವರ ಮಗಳು. ಕೊಟ್ಟೂರಿನ ಅವರ ಮನೆಗೆ ಬಂದೆ, ಶಾಲೆಗೆ ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಕೆಳಗೆ ಅವರ ಅಂಗಡಿ, ಮೇಲೆ ಮನೆ, ನಡುವೆ ಅರ್ಧಕ್ಕೆ ತಿರುವಿರುವ ಸಪೂರ ಮೆಟ್ಟಿಲು. ಮನೆಯಲ್ಲಿ ಅತ್ತೆ. ಎಂಬತ್ತಕ್ಕೆ ಬಂದರೂ ರೊಟ್ಟಿ ಬಡಿಯುವ ಸಪ್ಪಳ ಮೂರು ಮನೆ ಆಚೆ ಕೇಳಬೇಕು, ಅಂಥ ಕೈ. ನನ್ನನ್ನು ನೋಡಿದ ಮೊದಲ ದಿನವೇ, "ಲೆಕ್ಕದ ಟೀಚರ್ ಅಂತ. ಆಗಲಿ, ಮನ್ಯಾಗ ಒಬ್ರಿಗಾದ್ರೂ ಲೆಕ್ಕ ಬರ್ಲಿ," ಎಂದು ಒಳಗೆ ಕರೆದುಕೊಂಡರು.

ಕೋಣೆಯಲ್ಲೊಂದು ಹಳೆಯ ಮಂಚ, ಅದರ ಮೇಲೆ ಅರಳೆಯ ಗಾದಿ. ವರ್ಷಗಟ್ಟಲೆ ಹಿಂಜಿಸದೆ ಬಿಟ್ಟ ಅರಳೆ ನಡುಮಧ್ಯ ಕುಸಿದು ಒಂದು ತಗ್ಗಾಗಿತ್ತು. ಅಂಚುಗಳು ಮಾತ್ರ ಹೊಲದ ಬದುವಿನಂತೆ ಎದ್ದು ನಿಂತಿದ್ದವು. ನಾವಿಬ್ಬರೂ ನಾಚಿಕೆಯ ಜನ. ನಾನು ಈ ಅಂಚು ಹಿಡಿದು ಮಲಗಿದೆ, ಅವರು ಆ ಅಂಚು ಹಿಡಿದು ಮಲಗಿದರು. ಮಂಚದ ಚೌಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಆದರೆ ನಿದ್ದೆ ಬಂದ ಮೇಲೆ ಕೈ ಸಡಿಲವಾಗದೆ ಇರುತ್ತದೆಯೇ? ಬೆಳಗ್ಗೆ ಎದ್ದಾಗ ಇಬ್ಬರೂ ಆ ತಗ್ಗಿನ ತಳದಲ್ಲಿ, ಒಂದೇ ಚೀಲದೊಳಗಿನ ಎರಡು ಕುಂಬಳಕಾಯಿಯ ಹಾಗೆ ಒತ್ತಿಕೊಂಡು ಬಿದ್ದಿದ್ದೆವು.

"ತಪ್ಪು ತಿಳ್ಕಾಬ್ಯಾಡ್ರಿ, ಗಾದಿ ಹಂಗೈತಿ," ಅಂದರು ಅವರು, ಸೂರು ನೋಡುತ್ತ.

"ಹೌದು, ಇಳಿಜಾರು ಐತಿ," ಅಂದೆ ನಾನು, ಗಣಿತದವಳ ಗಾಂಭೀರ್ಯದಲ್ಲಿ.

ದಿನವೂ ಇದೇ. ದಿನವೂ ಇಬ್ಬರೂ ಗಾದಿಯನ್ನು ಬೈದುಕೊಂಡೇ ಏಳುತ್ತಿದ್ದೆವು. ಇಬ್ಬರ ಮುಖವೂ ಬೈಯುವವರ ಮುಖದಂತೆ ಇರುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ನೆಲದ ಮೇಲೆ ನೆಟ್ಟಗೆ ಮಲಗಿ ಬೆಳೆದ ನನ್ನ ಸೊಂಟ ಆ ತಗ್ಗಿಗೆ ಒಗ್ಗಲಿಲ್ಲ. ಕೆಲವೇ ವಾರದಲ್ಲಿ ಬೋರ್ಡಿನ ಮುಂದೆ ನಿಂತು ಲೆಕ್ಕ ಬರೆಯುವುದೂ ಕಷ್ಟವಾಯಿತು. ಸುಮ್ಮನೆ ಮಂಚದ ಪಕ್ಕ ನನ್ನ ಕೌದಿ ಹಾಸಿ ಕೆಳಗೆ ಮಲಗತೊಡಗಿದೆ. ಅವರು ಮೇಲೆ, ನಾನು ಕೆಳಗೆ. ಇಬ್ಬರೂ ಅದರ ಬಗ್ಗೆ ಏನೂ ಮಾತಾಡಲಿಲ್ಲ.

ಮಾತಾಡಿದವಳು ಮಗಳು. ಹರಪನಹಳ್ಳಿಯಿಂದ ಬಂದವಳು ಕೋಣೆಯಲ್ಲಿ ಮಡಿಚಿಟ್ಟ ಕೌದಿ ನೋಡಿದಳು, ಮಂಚ ನೋಡಿದಳು, ನನ್ನನ್ನು ನೋಡಿದಳು.

"ಚಿಗವ್ವಾ, ನೀವು ಕೆಳಗ ಮಲಗ್ತೀರೇನು?"

"ಸೊಂಟ ಹಿಡೀತೈತಮ್ಮ," ಅಂದೆ.

ಅವಳು ಮಂಚದ ಮೇಲೆ ಕೂತು ಗಾದಿಯನ್ನು ಕೈಯಿಂದ ಸವರಿದಳು. ಅದು ಅವಳ ತಾಯಿಯ ತವರಿನಿಂದ ಬಂದ ಗಾದಿ ಎಂದು ನನಗೆ ಗೊತ್ತಿತ್ತು. ಅದನ್ನು ಬದಲಿಸುವ ಮಾತನ್ನು ನಾನು ಎತ್ತದೇ ಇದ್ದದ್ದೂ ಅದಕ್ಕೇ. ಆಕೆ ಗಾದಿಯ ಅಂಚನ್ನು ತಟ್ಟಿ ಎದ್ದಳು. "ಇದನ್ನ ನಾನು ಒಯ್ತೀನಿ. ಅರಳಿ ಹಿಂಜಿಸಿ ನನ್ ಮಕ್ಕಳಿಗೆ ಎರಡು ಸಣ್ಣ ಗಾದಿ ಮಾಡಿಸ್ತೀನಿ. ಅವ್ವನ ಗಾದಿ ಮ್ಯಾಲ ಅವ್ವನ ಮೊಮ್ಮಕ್ಕಳು ಮಲಗ್ಲಿ. ನೀವು ಹೊಸಾದು ತರ್ರಿ," ಎಂದು ಅಡುಗೆಮನೆಗೆ ಕೇಳುವಂತೆ ದನಿ ಏರಿಸಿದಳು. "ಅಪ್ಪಾಜಿ, ಕೇಳಿಸ್ತೇನು? ಹೊಸಾದು ತರ್ರಿ. ಲೇಟೆಕ್ಸ್ ಗಾದಿ ತರ್ರಿ. ನಮ್ಮ ಅತ್ತೀಗೆ ಡಾಕ್ಟರು ಅದನ್ನ ಹೇಳ್ಯಾರ, ಸೊಂಟಕ್ಕ ಚಲೋ ಅಂತ."

ಅಡುಗೆಮನೆಯಿಂದ ಅಪ್ಪಾಜಿಯ ಬದಲು ಅತ್ತೆಯ ದನಿ ಬಂತು. "ಏನು ಟೆಕ್ಸು?"

"ರಬ್ಬರ್ ಗಾದಿ ಬೇ ಅಜ್ಜಿ. ರಬ್ಬರ್ ಮರದ ಹಾಲಿನಾಗ ಮಾಡ್ತಾರ."

"ಮರದ ಹಾಲಿನಾಗ," ಎಂದು ಅತ್ತೆ ಹೊರಗೆ ಬಂದರು. "ಹೆಪ್ಪು ಹಾಕಿ ಮಾಡ್ತಾರೇನು?"

ಆಮೇಲೆ ಗಾದಿ ಅಂಗಡಿಯವರು ಹೇಳಿದ್ದನ್ನು ಕೇಳಿದರೆ ಅತ್ತೆಯ ಊಹೆ ಬಹಳ ದೂರವೇನೂ ಇರಲಿಲ್ಲ. ಹಾಲನ್ನು ಕಡೆದು ನೊರೆ ಬರಿಸಿ, ಅಚ್ಚಿಗೆ ಹೊಯ್ದು, ಗಟ್ಟಿಯಾಗುವಂತೆ ಬೇಯಿಸುತ್ತಾರಂತೆ. ಇಡ್ಲಿಗೂ ಅದಕ್ಕೂ ಅಷ್ಟೇ ವ್ಯತ್ಯಾಸ.

ಅಂಗಡಿ ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ನನ್ನ ಶಾಲೆಗೆ ಹೋಗುವ ದಾರಿಯಲ್ಲೇ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರು ಕೊಟ್ಟೂರಿನಿಂದ ಬಂದರು, ಇಬ್ಬರೂ ಒಳಗೆ ಹೋದೆವು. ಬೀದಿಗೆ ದೊಡ್ಡ ಗಾಜಿನ ಬಾಗಿಲು, ಬಾಗಿಲ ಹತ್ತಿರವೇ ಒಂದು ಮಂಚ, ಅದರ ಮೇಲೆ ತೋರಿಸುವ ಗಾದಿ. ನಾನು ಕೈಯಿಂದ ಒತ್ತಿ ನೋಡಿದೆ. ಕೈ ಒಳಗೆ ಹೋಯಿತು, ತೆಗೆದ ತಕ್ಷಣ ಹೊಂಡ ಮಾಯವಾಯಿತು. ಮತ್ತೆ ಒತ್ತಿದೆ. ಮತ್ತೆ ಮಾಯ. ಎಂಥದೋ ಖುಷಿಯಾಗಿ ಒತ್ತುತ್ತಲೇ ಇದ್ದೆ.

"ಕೈಲೆ ಒತ್ತಿದ್ರ ತಿಳಿಯಂಗಿಲ್ರಿ ಮೇಡಂ," ಅಂದರು ಅಂಗಡಿಯವರು. "ಮೈ ಚಾಚಿ ಮಲಕ್ಕಂಡು ನೋಡ್ರಿ. ಇಬ್ರೂ ಮಲಕ್ಕಳ್ರಿ. ಒಬ್ರು ಮಲಗಿ ನೋಡಿದ್ರ ಅರ್ಧ ನೋಡಿದಂಗ."

"ಇಲ್ಲೇ ಏನ್ರಿ?" ಅಂದರು ನನ್ನ ಯಜಮಾನರು. ಹೊರಗೆ ಬೀದಿಯಲ್ಲಿ ಬಸ್ಸಿಗೆ ಹೋಗುವವರು, ತರಕಾರಿ ಕೊಳ್ಳುವವರು.

"ಎಲ್ಲಾರೂ ಇಲ್ಲೇ ಮಲಗಿ ನೋಡ್ತಾರ್ರಿ. ಇದಕ್ಕೇನು ನಾಚಿಕಿ?"

ಚಪ್ಪಲಿ ಬಿಟ್ಟು ಮಲಗಿದೆ, ವ್ಯಾನಿಟಿ ಬ್ಯಾಗನ್ನು ಎದೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು. ಅವರು ಆ ತುದಿಯಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಂಡು ಮಲಗಿದರು. ಇಬ್ಬರೂ ಫ್ಯಾನು ನೋಡುತ್ತಿದ್ದೆವು.

"ಈಗ ಸಾರ್ ಸ್ವಲ್ಪ ಹೊಳ್ಳಾಡ್ರಿ," ಅಂದರು ಅಂಗಡಿಯವರು. ಅವರು ಹೊರಳಿದರು. "ಮೇಡಂ, ನಿಮಗ ಅಲ್ಲಾಡಿದ್ದು ತಿಳೀತೇನ್ರಿ? ಇಲ್ಲ, ಹೌದಿಲ್ಲೋ? ಅದ ನೋಡ್ರಿ ಇದರ ಗುಣ. ಒಬ್ರ ಹೊಳ್ಳಾಟ ಇನ್ನೊಬ್ರಿಗೆ ಹತ್ತಂಗಿಲ್ಲ."

ನಿಜವಾಗಿಯೂ ತಿಳಿದಿರಲಿಲ್ಲ. ಅದನ್ನು ಹೇಳಲು ಪಕ್ಕಕ್ಕೆ ತಲೆ ತಿರುಗಿಸಿದೆ. ಗಾಜಿನ ಬಾಗಿಲಾಚೆ ನಮ್ಮ ಹೆಡ್ಮಾಸ್ಟರು ನಿಂತಿದ್ದರು. ಒಂದು ಕೈಯಲ್ಲಿ ಮೆಂತ್ಯದ ಸೊಪ್ಪು, ಇನ್ನೊಂದರಲ್ಲಿ ಛತ್ರಿ. ನೋಡದ ಹಾಗೆ ಹೋಗುವುದಕ್ಕೆ ಅವರಿಗೆ ಕಾಲ ಮೀರಿತ್ತು. ಕೊನೆಗೆ ಸೊಪ್ಪು ಛತ್ರಿ ಎರಡನ್ನೂ ಸೇರಿಸಿ ಹಿಡಿದು ಕೈಮುಗಿದರು. ನಾನೂ ಮಲಗಿದಲ್ಲಿಂದಲೇ ಕೈಮುಗಿದೆ. ಎದೆಯ ಮೇಲಿದ್ದ ಬ್ಯಾಗು ಜಾರಿ ಕೆಳಗೆ ಬಿತ್ತು. ಅವರು ಹೋದ ಮೇಲೆ ನನಗೆ ನಗು ಹತ್ತಿತು. ಪಕ್ಕದಲ್ಲಿ ಯಜಮಾನರಿಗೂ ಹತ್ತಿತು. ಇಬ್ಬರೂ ನಗುತ್ತಿದ್ದರೂ ಗಾದಿ ಮಾತ್ರ ಅಲ್ಲಾಡಲಿಲ್ಲ. ಅದನ್ನು ನೋಡಿ ಇನ್ನಷ್ಟು ನಕ್ಕೆವು. ಅಂಗಡಿಯವರು ತಾಳ್ಮೆಯಿಂದ ನಿಂತಿದ್ದು, "ಆತಲ್ರಿ, ಇದನ್ನ ಕಳಸ್ತೀನಿ," ಅಂದರು.

ಅಂಗಡಿ ಬಿಡುವ ಮುಂಚೆ ಅವರು ಕೆಲವು ಮಾತು ಹೇಳಿದರು. ಮೊದಲು ಸ್ವಲ್ಪ ದಿನ ರಬ್ಬರ್ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಮೊದಲ ವಾರ ಮೈಕೈ ನೋಯಬಹುದು, ಹೆದರಬೇಡಿ, ಮೈಗೆ ರೂಢಿಯಾಗಬೇಕು. ಅರಳೆ ಗಾದಿಯಂತೆ ಬಿಸಿಲಿಗೆ ಹಾಕಬೇಡಿ, ಹಾಳಾಗುತ್ತದೆ. ಪ್ಲಾಸ್ಟಿಕ್ ಕವರ್ ತೆಗೆದುಬಿಡಿ. ನಾನು ತಲೆಯಾಡಿಸಿದೆ. ತಲೆಯಾಡಿಸುವಾಗಲೂ ಹೆಡ್ಮಾಸ್ಟರ ಸೊಪ್ಪೇ ಕಣ್ಮುಂದೆ ಇತ್ತು.

ಗಾದಿ ಬಂದದ್ದು ಒಂದು ಭಾನುವಾರದ ಬೆಳಗ್ಗೆ, ಲಗೇಜ್ ಆಟೋದಲ್ಲಿ, ನಡುವಿಗೆ ಮಡಿಚಿ ಹಗ್ಗದಿಂದ ಬಿಗಿದು. ನೋಡಿದರೆ ದಪ್ಪ ಹಾಸಿಗೆ, ಎತ್ತಿದರೆ ಎಮ್ಮೆಕರು. ಅಷ್ಟು ಭಾರ ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಭಾರವಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು, ಅದಕ್ಕೆ ಹಿಡಿಯುವ ಜಾಗವೇ ಇಲ್ಲ. ಈ ಕಡೆ ಎತ್ತಿದರೆ ಆ ಕಡೆ ಜೋತುಬೀಳುತ್ತದೆ, ಆ ಕಡೆ ಎತ್ತಿದರೆ ನಡುವೆ ಕೂತುಬಿಡುತ್ತದೆ. ಆಟೋದವರು, ಎದುರಿನ ಕಿರಾಣಿ ಅಂಗಡಿಯವರು, ನಮ್ಮವರು ಮೂವರೂ ಸೇರಿ ಮೆಟ್ಟಿಲವರೆಗೆ ತಂದರು. ನಮ್ಮವರು ಮೇಲಿನಿಂದ ಎಳೆಯುವುದು, ಉಳಿದಿಬ್ಬರು ಕೆಳಗಿನಿಂದ ನೂಕುವುದು ಎಂದಾಯಿತು. ನಾನು ಬೀದಿಯಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಮೇಲಿನ ಮಾಳಿಗೆಯ ಗೋಡೆಯಿಂದ ಬಗ್ಗಿ ನೋಡುತ್ತಿದ್ದರು.

ತಿರುವಿನವರೆಗೆ ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ಹಗ್ಗ ಗೋಡೆಗೆ ಉಜ್ಜಿ ಸಡಿಲವಾಯಿತು. ಮಡಿಚಿಕೊಂಡು ಅಷ್ಟು ಹೊತ್ತು ಸಿಟ್ಟು ಹಿಡಿದುಕೊಂಡಿದ್ದ ಗಾದಿ ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಕೆಳಗಿದ್ದ ಇಬ್ಬರೂ ಮೆಟ್ಟಿಲ ಮೇಲೆ ಕುಕ್ಕರಿಸಿದರು. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಗಾದಿ ಈ ಗೋಡೆಯಿಂದ ಆ ಗೋಡೆಗೆ ಬಿರಡೆಯಂತೆ ಬಿಗಿದು ಕೂತಿತ್ತು. ಎಳೆದರೆ ಬರಲಿಲ್ಲ, ನೂಕಿದರೆ ಹೋಗಲಿಲ್ಲ. ನೂಕಿದಷ್ಟೂ ಒಳಗೆ ಹೋಗಿ, ಬಿಟ್ಟ ಕೂಡಲೇ ನೂಕಿದವರನ್ನೇ ವಾಪಸು ನೂಕುತ್ತಿತ್ತು.

ಹೀಗೆ ಗಂಡ ಮತ್ತು ಅತ್ತೆ ಮೇಲೆ ಉಳಿದರು, ನಾನು ಬೀದಿಪಾಲಾದೆ. ಬೀದಿಯವರು ಒಬ್ಬೊಬ್ಬರಾಗಿ ಸೇರಿದರು. ಗಾದಿಗೆ ನೀರು ಹೊಯ್ಯಿರಿ ಅಂದರು ಒಬ್ಬರು, ಮೆಟ್ಟಿಲು ಒಡೆಯಿರಿ ಅಂದರು ಇನ್ನೊಬ್ಬರು. ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಗಾದಿ ಹೊತ್ತವರಿಗೆಂದು ಒಗ್ಗರಣೆ ಮಂಡಕ್ಕಿ ಮಾಡಿದ್ದರು. ಅದು ಆರಿ ಮೆತ್ತಗಾಗುವುದು ಅವರಿಗೆ ಸಹಿಸಲಾಗದ ಸಂಗತಿ. ಪಾತ್ರೆಯನ್ನು ಕೈಚೀಲದಲ್ಲಿಟ್ಟು ಹಗ್ಗ ಕಟ್ಟಿ ಮಾಳಿಗೆಯಿಂದ ಇಳಿಸಿದರು. "ತಿನ್ರಿ ಮೊದಲು. ಹೊಟ್ಟಿ ತುಂಬಿದ್ರ ಬುದ್ಧಿ ಓಡ್ತೈತಿ."

ಎದುರಂಗಡಿಯವರು ಮಿರ್ಚಿ ತರಿಸಿದರು. ಎಲ್ಲರೂ ಬೀದಿಯಲ್ಲಿ ನಿಂತು ತಿಂದೆವು. ಮೇಲಿನಿಂದ ನಮ್ಮವರು, "ನನಗೂ ಎರಡು ಮಿರ್ಚಿ ಕಳಸ್ರಿ ಟೀಚರ್," ಎಂದು ಕೇಳಿದರು. ಅದೇ ಚೀಲದಲ್ಲಿ ಮಿರ್ಚಿ ಮೇಲಕ್ಕೆ ಹೋಯಿತು.

ತಿನ್ನುತ್ತ ನಾನು ಮೆಟ್ಟಿಲ ಅಗಲ, ಗಾದಿಯ ಅಗಲ ಯೋಚಿಸಿದೆ. ಗಾದಿಯನ್ನು ಅಡ್ಡಕ್ಕೆ ಮಡಿಚುವ ಬದಲು ಉದ್ದಕ್ಕೆ ಮಡಿಚಿ ಓರೆ ಮಾಡಿದರೆ ತಿರುಗುತ್ತದೆ ಅನ್ನಿಸಿತು. ಆದರೆ ಬಿಚ್ಚಿ ಬಿಗಿದುಕೊಂಡದ್ದನ್ನು ಮತ್ತೆ ಮಡಿಚಬೇಕಾದರೆ ಯಾರಾದರೂ ಅದರ ಮೇಲೆ ಹತ್ತಿ ಒತ್ತಿ ಹಿಡಿಯಬೇಕು. ಕೆಳಗಿನಿಂದ ಒಬ್ಬರು, ಮೇಲಿನಿಂದ ಒಬ್ಬರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೇ ಹತ್ತಿದೆ. ಮೇಲಿನಿಂದ ಅವರು ಹತ್ತಿದರು.

ಲೇಟೆಕ್ಸ್ ಗಾದಿಯ ಮೇಲೆ ಮೊಣಕಾಲೂರಿ ಇಳಿಜಾರಿನಲ್ಲಿ ಹತ್ತುವುದು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಊರಿದ ಮೊಣಕಾಲು ಮುಳುಗುತ್ತದೆ. ಮುಳುಗಿದ್ದನ್ನು ಕೀಳಲು ಇನ್ನೊಂದನ್ನು ಊರಿದರೆ ಅದು ಮುಳುಗಿ ಮೊದಲಿನದು ಚಿಮ್ಮುತ್ತದೆ. ನಾನು ಕೈ ಊರಿದೆ, ಕೈ ಮುಳುಗಿತು, ಮುಖ ಗಾದಿಗೆ ಬಡಿಯಿತು, ಗಾದಿ ಮುಖವನ್ನು ಮೃದುವಾಗಿ ವಾಪಸು ಕಳಿಸಿತು. ಅಷ್ಟರಲ್ಲಿ ಮೇಲಿನಿಂದ ಅವರು ಜಾರಿಕೊಂಡು ಬಂದು ನನಗೆ ಡಿಕ್ಕಿ ಹೊಡೆದರು. ಇಬ್ಬರೂ ನಡುವೆ ಬಿದ್ದೆವು. ಏಳಲು ಹೋದರೆ ನಗು, ನಕ್ಕರೆ ಮತ್ತೆ ಬೀಳುವುದು. ಕಣ್ಣಲ್ಲಿ ನೀರು ಬಂದು ನನಗೆ ಏನೂ ಕಾಣುತ್ತಿರಲಿಲ್ಲ. ಬೀದಿಯವರು ನಗುವುದು ಕೇಳುತ್ತಿತ್ತು. ಮಾಳಿಗೆಯಿಂದ ಅತ್ತೆ, "ಅಲ್ಲೇ ಸಂಸಾರ ಹೂಡ್ತೀರೇನು? ಮ್ಯಾಲ ತಗಂಬರ್ರಿ ಅದನ್ನ," ಎಂದು ಕೂಗಿದರು.

ನಾವಿಬ್ಬರೂ ಬಿದ್ದ ಭಾರಕ್ಕೆ ಗಾದಿ ನಡುವೆ ಬಾಗಿತ್ತು. ಕಿರಾಣಿ ಅಂಗಡಿಯವರು ತಡಮಾಡದೆ ಹಗ್ಗ ಹಾಕಿ ಉದ್ದಕ್ಕೆ ಬಿಗಿದರು. ಓರೆ ಮಾಡಿದರು. ತಿರುಗಿತು. ನನ್ನ ಲೆಕ್ಕ ಸರಿಯಿತ್ತು ಎಂದು ನಾನು ಎಲ್ಲರಿಗೂ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅವತ್ತು ಮಧ್ಯಾಹ್ನ ಊಟ ಮಾಡಿ ಮೊದಲ ಸಲ ಮಲಗಿದೆವು. ಗಾದಿ ಹೇಗಿದೆ ಎಂದು ಹೇಳುವ ಮೊದಲು ಪ್ಲಾಸ್ಟಿಕ್ಕಿನ ಮಾತು ಹೇಳಬೇಕು. ಕವರ್ ತೆಗೆಯಲು ಅತ್ತೆ ಬಿಡಲಿಲ್ಲ. "ಹೊಸಾದ್ರ ಪ್ಲಾಸ್ಟಿಕ್ ತಗೀತಾರೇನು? ಹೊಲಸಾಗ್ತೈತಿ." ಅವರ ಮನೆಯಲ್ಲಿ ಟಿವಿಯ ರಿಮೋಟಿಗೂ ಪ್ಲಾಸ್ಟಿಕ್ ಇದೆ. ಸರಿ ಎಂದು ಅದರ ಮೇಲೆಯೇ ಚಾದರ ಹಾಸಿದೆವು. ಮೈ ಇಟ್ಟದ್ದೇ ತಡ, ಚರ್ ಎಂದು ಸಪ್ಪಳ. ಕಾಲು ಸರಿಸಿದರೆ ಚರ್, ಉಸಿರೆಳೆದರೆ ಚರ್. ಹೊರಗಿನ ಬಿಸಿಲಿಗೆ ಪ್ಲಾಸ್ಟಿಕ್ ಬೆವರಿ ಚಾದರ ನಮ್ಮ ಕೆಳಗಿನಿಂದ ಜಾರತೊಡಗಿತು.

"ಏನದು ಸಪ್ಪಳ?" ಎಂದು ಅತ್ತೆ ಪಡಸಾಲೆಯಿಂದ ಕೇಳಿದರು.

"ಪ್ಲಾಸ್ಟಿಕ್ ಬೇ," ಅಂದರು ಮಗ.

ನಾನು ಮೆಲ್ಲಗೆ ಮಗ್ಗುಲಾದೆ. ಚರ್ ಚರ್ ಚರ್.

ಪಡಸಾಲೆಯಲ್ಲಿ ಪಕ್ಕದ ಮನೆಯವರೂ ಕೂತಿದ್ದರು, ಗಾದಿ ನೋಡಲು ಬಂದವರು. ಒಂದು ಕೆಮ್ಮು ಕೇಳಿಸಿತು. ಆಮೇಲೆ ಅತ್ತೆ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತರು. "ತಗೀರಿ ಅದನ್ನ. ಮರ್ಯಾದಿ ಹೋಗ್ತೈತಿ."

ಪ್ಲಾಸ್ಟಿಕ್ ಹೋದ ಮೇಲೆ ವಾಸನೆ ಬಂತು. ಹೊಸ ಸೈಕಲ್ ಟ್ಯೂಬು, ಬಲೂನು, ಅಳಿಸುವ ರಬ್ಬರು ಎಲ್ಲ ಸೇರಿದ ವಾಸನೆ. ನನಗೆ ಅದು ಜೂನ್ ತಿಂಗಳ ಮೊದಲ ದಿನದ ತರಗತಿಯ ವಾಸನೆ. ಅವರಿಗೆ ಮಾತ್ರ ಸುಟ್ಟ ಕೇಬಲ್ಲು ನೆನಪಾಗಿ ಎರಡು ಸಲ ಎದ್ದು ಫ್ಯಾನಿನ ಸ್ವಿಚ್ಚು ಮುಟ್ಟಿ ನೋಡಿದರು. ಕಿಟಕಿ ತೆಗೆದು, ತೆಳುವಾದ ಹತ್ತಿಯ ಚಾದರ ಹಾಸಿ ಮತ್ತೆ ಮಲಗಿದೆವು.

ಆಗ ತಿಳಿಯಿತು. ಮೊದಲು ಮೈ ಒಳಗೆ ಇಳಿಯುತ್ತದೆ. ಅಯ್ಯೋ ಇದೂ ತಗ್ಗೇ ಎಂದು ಮನಸ್ಸು ಹೆದರುವ ಹೊತ್ತಿಗೆ ಕೆಳಗಿನಿಂದ ಅದು ಮೇಲೆತ್ತುತ್ತದೆ. ಮಾಗಳದ ಹೊಳೆಯಲ್ಲಿ ಚಿಕ್ಕಂದಿನಲ್ಲಿ ಬೆನ್ನ ಮೇಲೆ ತೇಲುವುದನ್ನು ಕಲಿಸುವಾಗ ಅಪ್ಪ ನಡುವಿನ ಕೆಳಗೆ ಅಂಗೈ ಇಟ್ಟು ಹಿಡಿಯುತ್ತಿದ್ದ. ಬಿಟ್ಟಿಲ್ಲ ಬಿಟ್ಟಿಲ್ಲ ಅನ್ನುತ್ತಲೇ ಇರುತ್ತಿದ್ದ. ಅಂಥದೇ ಅಂಗೈ ಸೊಂಟದ ಕೆಳಗೆ, ಭುಜದ ಕೆಳಗೆ, ಹಿಮ್ಮಡಿಯ ಕೆಳಗೆ ಬಂದು ನಿಂತಂತೆ ಇತ್ತು. ನಾನು ಇದನ್ನೆಲ್ಲ ಹೇಳಬೇಕೆಂದು ಅತ್ತ ತಿರುಗಿದರೆ ಅವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ನನಗೂ ಯಾವಾಗ ಕಣ್ಣು ಹತ್ತಿತೋ ಗೊತ್ತಾಗಲಿಲ್ಲ. ಎದ್ದಾಗ ಪಕ್ಕದ ಜಾಗ ಖಾಲಿ. ಅವರು ಎದ್ದು, ಕೆಳಗೆ ಹೋಗಿ, ಅಂಗಡಿ ಬಾಗಿಲು ತೆಗೆದು ಒಂದು ಮೋಟಾರನ್ನೇ ಬಿಚ್ಚಿದ್ದರು. ನನಗೆ ಏನೂ ತಿಳಿದಿರಲಿಲ್ಲ.

ಆ ವಾರವೆಲ್ಲ ಅಂಗಡಿಯವರು ಹೇಳಿದ ಹಾಗೇ ಆಯಿತು. ನೆಲಕ್ಕೆ ಒಗ್ಗಿದ ನನ್ನ ಭುಜ ನೋಯಿತು, ತಗ್ಗಿಗೆ ಒಗ್ಗಿದ ಅವರ ಬೆನ್ನು ನೋಯಿತು. ಇಬ್ಬರೂ ಬೆಳಗ್ಗೆ ಎದ್ದು ಒಬ್ಬರನ್ನೊಬ್ಬರು ನೋಡಿ ನರಳುತ್ತಿದ್ದೆವು. ಅವರು ಅಂಗಡಿಗೆ ಫೋನು ಮಾಡಿದರು. "ಇಷ್ಟು ದಿನ ಸೊಟ್ಟ ಮಲಗಿದ ಮೈರಿ ಅದು, ನೆಟ್ಟಗಾಗುವಾಗ ತಕರಾರು ಮಾಡ್ತೈತಿ. ಸ್ವಲ್ಪ ತಡೀರಿ," ಅಂದರಂತೆ. ತಡೆದೆವು. ನೋವು ಒಂದೊಂದು ದಿನಕ್ಕೆ ಒಂದೊಂದು ಜಾಗ ಬಿಟ್ಟು ಹೋಯಿತು. ಬೋರ್ಡಿನ ಕೆಳಸಾಲಿನಲ್ಲಿಯೂ ಲೆಕ್ಕ ಬರೆಯತೊಡಗಿದೆ. ಹೆಡ್ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೋದ ಮೇಲೆ ಮೆಲ್ಲಗೆ, "ಗಾದಿ ಹೆಂಗೈತ್ರಿ ಮೇಡಂ? ನಮ್ಮ ಮನ್ಯಾಗೂ ಸೊಂಟದ ತಕರಾರು," ಎಂದು ಕೇಳಿದರು.

ಎಲ್ಲ ಸರಿಯಾಯಿತು ಅನ್ನುವಾಗ ಒಂದು ಮಾತ್ರ ಸರಿಯಾಗಲಿಲ್ಲ. ಈ ಗಾದಿ ಅಂಚಿನಿಂದ ಅಂಚಿಗೆ ಸಪಾಟಾಗಿತ್ತು. ನಾನು ಎಲ್ಲಿ ಮಲಗುತ್ತಿದ್ದೆನೋ ಅಲ್ಲೇ ಏಳುತ್ತಿದ್ದೆ. ಅವರು ಎಲ್ಲಿ ಮಲಗುತ್ತಿದ್ದರೋ ಅಲ್ಲೇ ಏಳುತ್ತಿದ್ದರು. ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ. ಅವರು ಹೊರಳಿದರೂ ತಿಳಿಯದು, ಎದ್ದರೂ ತಿಳಿಯದು. ಅರಳೆಯ ಗಾದಿ ಎಲ್ಲ ಹೇಳುತ್ತಿತ್ತು, ಇದು ಬಾಯಿ ಮುಚ್ಚಿಕೊಂಡ ಗಾದಿ. ಇಬ್ಬರೂ ಒಳ್ಳೆಯ ನಿದ್ದೆ ಮಾಡಿ, ನೆಟ್ಟಗಿನ ಸೊಂಟದಲ್ಲಿ ಎದ್ದು, ಏನೋ ಕಳೆದುಕೊಂಡವರಂತೆ ಚಹಾ ಕುಡಿಯುತ್ತಿದ್ದೆವು. ಬೈಯಲು ತಗ್ಗೂ ಇರಲಿಲ್ಲ.

ಒಂದು ದಿನ ನಸುಕಿನಲ್ಲಿ ಎಚ್ಚರವಾಯಿತು. ಹೊರಗೆ ಹಾಲಿನವರ ಗಾಡಿಯ ಸದ್ದು. ಅವರು ಇದ್ದಾರೋ ಎದ್ದು ಹೋದರೋ ತಿಳಿಯಲು ಕೈ ಚಾಚಿದೆ. ಗಾದಿಯ ಮೇಲೆ ನನ್ನ ಕೈ ನಡುವಿನವರೆಗೆ ಹೋಗಿ ಅಲ್ಲಿ ಇನ್ನೊಂದು ಕೈಗೆ ತಗುಲಿತು. ಆ ಕೈಯೂ ಇತ್ತ ಕಡೆಯೇ ಹೊರಟಿತ್ತು.

"ಎಚ್ಚರದೀರೇನ್ರಿ?" ಅಂದೆ.

"ಆಗಲೇ ಆತು. ನೀವು ಅದೀರೋ ಇಲ್ಲೋ ತಿಳೀಲಿಲ್ಲ, ಅದಕ್ಕ..." ಎಂದು ನಿಲ್ಲಿಸಿ, "ಗಾದಿ ಚಲೋ ಐತಿ, ಹೌದಲ್ರಿ," ಅಂದರು.

"ಬಾಳ ಚಲೋ ಐತಿ."

"ಸೊಂಟಕ್ಕ ಆರಾಮೈತಿ."

"ಹೂಂ. ಆರಾಮೈತಿ."

ಆಮೇಲೆ ಅವರು, "ಆ ಹಳೇ ಗಾದ್ಯಾಗ ತಾನೇ ಉರುಳ್ತಿದ್ವಿ," ಅಂದರು. "ಇದರಾಗ ಎದ್ದು ಬರಬೇಕು. ಬರಬೇಕಂದ್ರ ಏನಂತ ಬರೋದು?"

ಮೂವತ್ತು ಜನ ಮಕ್ಕಳ ಮುಂದೆ ಎಂಥ ಪ್ರಶ್ನೆಗಾದರೂ ಉತ್ತರ ಹೇಳುವವಳು ನಾನು. ಇದಕ್ಕೆ ಉತ್ತರ ಹೇಳುವ ಬದಲು ಹೊರಳಿದೆ. ಇಳಿಜಾರು ಇಲ್ಲದ ಕಾರಣ ಇಡೀ ದಾರಿಯನ್ನು ನಾನೇ ಕ್ರಮಿಸಬೇಕಾಯಿತು. ಅರ್ಧ ದಾರಿಯಲ್ಲಿ ಅವರೂ ಬಂದು ಸೇರಿದರು. ಗಾದಿ ಒಂದಿಷ್ಟೂ ಅಲ್ಲಾಡಲಿಲ್ಲ. ನಾವು ಮಾತ್ರ ನಗುತ್ತ, ಅತ್ತೆಗೆ ಕೇಳದಿರಲೆಂದು ದಿಂಬಿಗೆ ಮುಖ ಒತ್ತಿಕೊಂಡು, ಹಾಲಿನವರು ಬಾಗಿಲು ಬಡಿಯುವ ತನಕ ಹಾಗೇ ಇದ್ದೆವು. ಅವತ್ತಿನಿಂದ ಅವರು ನನ್ನನ್ನು ನೀನು ಅನ್ನತೊಡಗಿದರು. ಟೀಚರ್ ಮಾತ್ರ ಹೋಗಲಿಲ್ಲ. "ಟೀಚರ್, ಚಾ ಕುಡೀತೀಯೇನು?"

ದಸರಾ ರಜೆಗೆ ಮಾಗಳದಿಂದ ಅವ್ವನನ್ನು ಕರೆತಂದೆ. ಗಾದಿ ನೋಡಿ, ಒತ್ತಿ, ಬೆರಳು ತೆಗೆದು, ಅದು ಉಬ್ಬಿ ಬಂದದ್ದನ್ನು ನೋಡಿ, "ಬ್ಯಾಡವ್ವ, ಇದು ಜೀವ ಇದ್ದಂಗೈತಿ," ಎಂದು ಪಡಸಾಲೆಯ ನೆಲದ ಮೇಲೆ ಕೌದಿ ಹಾಸಿಕೊಂಡಳು. ಅತ್ತೆಗೆ ಅದು ಸರಿಬೀಳಲಿಲ್ಲ. ಬೀಗಿತ್ತಿ ನೆಲದ ಮೇಲೆ ಮಲಗಿದರೆ ಮನೆಯ ಮರ್ಯಾದೆ ಏನಾಗಬೇಕು. ಮರುದಿನ ಮಧ್ಯಾಹ್ನ ಕೈ ಹಿಡಿದು ಕೋಣೆಗೆ ಕರೆದೊಯ್ದರು. "ಬಾ ಬೀಗಿತ್ತಿ, ಅಂಜಬ್ಯಾಡ. ನಾನು ಮೊದಲು ಮಲಕ್ಕಂತೀನಿ. ನುಂಗಂಗಿಲ್ಲ."

ನಾನು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಕೋಣೆಯಿಂದ ಮೊದಲು ಪಿಸುಮಾತು, ಆಮೇಲೆ ಅವ್ವ "ಎವ್ವಾ" ಅಂದದ್ದು, ಆಮೇಲೆ ಇಬ್ಬರೂ ನಗುವುದು ಕೇಳಿಸಿತು. ಹೋಗಿ ನೋಡಿದರೆ ಇಬ್ಬರೂ ಬೆನ್ನ ಮೇಲೆ ಮಲಗಿ, ನಡುವನ್ನು ಎತ್ತಿ ಎತ್ತಿ ಬಿಡುತ್ತಿದ್ದರು. ಅವ್ವನ ಬೆಳ್ಳಿ ಕಾಲುಂಗುರಗಳು ಮೇಲಕ್ಕೆ ಕೆಳಕ್ಕೆ ಆಡುತ್ತಿದ್ದವು.

"ನೀನು ಕುಣಿದ್ರ ನನಗ ತಿಳಿಯಂಗಿಲ್ಲ ನೋಡು ಬೀಗಿತ್ತಿ," ಅತ್ತೆ ಹೇಳುತ್ತಿದ್ದರು, ಥೇಟ್ ಅಂಗಡಿಯವರ ದನಿಯಲ್ಲಿ. "ಅದ ಇದರ ಗುಣ."

ಅವ್ವ ವಾರಕ್ಕೆಂದು ಬಂದವಳು ರಜೆ ಮುಗಿಯುವವರೆಗೂ ಉಳಿದಳು. ಮಧ್ಯಾಹ್ನವಾದರೆ ಗಾದಿ ಅವರಿಬ್ಬರದು. ಊಟವಾದ ಕೂಡಲೇ ಹೋಗಿ ಮಲಗಿ, ಮಾಗಳದ ಸುದ್ದಿ, ಕೊಟ್ಟೂರಿನ ಸುದ್ದಿ, ಸತ್ತವರ ಸುದ್ದಿ, ಸೊಸೆಯರ ಸುದ್ದಿ ಎಲ್ಲ ಮಾತಾಡಿ ಮಾತಾಡಿ ನಡುವೆಯೇ ನಿದ್ದೆಹೋಗುತ್ತಿದ್ದರು. ಅಂಗಡಿಯಿಂದ ಊಟಕ್ಕೆ ಬಂದ ನಮ್ಮವರು ಕೋಣೆಯ ಬಾಗಿಲು ಮುಚ್ಚಿದ್ದು ನೋಡಿ, ಪಡಸಾಲೆಯಲ್ಲಿ ಅವ್ವನ ಕೌದಿಯ ಮೇಲೆ ಅಡ್ಡಾಗಿ, ನನಗೂ ಜಾಗ ಬಿಟ್ಟು ಸರಿಯುತ್ತಿದ್ದರು. ನೆಲ ಗಟ್ಟಿಯಾಗಿತ್ತು. ನಾನು ಫ್ಯಾನನ್ನು ಜೋರು ಮಾಡಿ ಪಕ್ಕದಲ್ಲಿ ಮಲಗುತ್ತಿದ್ದೆ.